ಧೂಮಖಂಡನ: ಬಚ್ಚಲೊಲೆಯ ಮೇಲೊಂದು ಕಿರುಭಾಷ್ಯ

ನಮ್ಮ ತರ್ಕಶಾಸ್ತ್ರ ಹುಟ್ಟಿದ್ದು ಎಲ್ಲೇ ಇರಲಿ, ಅದು ಪದೇ ಪದೇ ಹೋಗಿ ನಿಲ್ಲುವುದು ಅಡುಗೆಮನೆಯ ಬಾಗಿಲಲ್ಲಿ. ದೂರದ ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ಊಹಿಸಬಹುದು ಎಂದ ನೈಯಾಯಿಕರಿಗೆ ಒಂದು ದೃಷ್ಟಾಂತ ಬೇಕಾಯಿತು. ಹೊಗೆಯೂ ಬೆಂಕಿಯೂ ತಪ್ಪದೆ ಜೊತೆಗಿರುವ ಜಾಗ ಯಾವುದು? ಅಡುಗೆಮನೆ ಎಂದರು. 17ನೇ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’ದಲ್ಲೂ ಅದೇ ದೃಷ್ಟಾಂತ; ಪಾಠಶಾಲೆಯ ಹುಡುಗರು ಇಂದಿಗೂ ಅದನ್ನೇ ಉರು ಹೊಡೆಯುತ್ತಾರೆ. ಆ ಹೊಗೆಯ ನಡುವೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದವರು ಪಂಡಿತರಿಗೆ ಕಂಡಿದ್ದರೇ ಎಂಬ ಪ್ರಶ್ನೆಯನ್ನು ಯಾವ ವ್ಯಾಖ್ಯಾನಕಾರನೂ ಎತ್ತಿದಂತಿಲ್ಲ.

ಅದೇ ಗ್ರಂಥದಲ್ಲಿ ಇನ್ನೊಂದು ಮಾತೂ ಇದೆ. ಬಚ್ಚಲೊಲೆಯ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಹೊಗೆಯಿದ್ದಲ್ಲಿ ಬೆಂಕಿಯಿದೆ, ಸರಿ. ಬೆಂಕಿಯಿದ್ದಲ್ಲೆಲ್ಲ ಹೊಗೆ ಇದೆಯೇ? ಇಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಬೆಂಕಿಯ ಜೊತೆಗೆ ಇನ್ನೊಂದು ಸೇರಬೇಕು. ಅದರ ಶಾಸ್ತ್ರೀಯ ಹೆಸರು ಆರ್ದ್ರೇಂಧನಸಂಯೋಗ, ಅಂದರೆ ಹಸಿ ಸೌದೆಯ ಸಹವಾಸ. ತರ್ಕದವರು ಇದನ್ನು ಉಪಾಧಿ ಎಂದು ಕರೆದು ಮುಂದಿನ ಪಾಠಕ್ಕೆ ಹೋದರು. ತೀರ್ಪು ಜಗುಲಿಯಲ್ಲೇ ಉಳಿಯಿತು, ಹಿತ್ತಿಲಿಗೆ ಹೋಗಲಿಲ್ಲ. ಅಲ್ಲಿಗೆ ಅದನ್ನು ಮುಟ್ಟಿಸುವುದಕ್ಕಾಗಿ ಈ ಭಾಷ್ಯ.

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯ ಹೇಳದೆ ಮುಂದುವರಿಯುವಂತಿಲ್ಲ. ವಿಷಯ: ಬಚ್ಚಲೊಲೆ. ಪ್ರಯೋಜನ: ಬಿಸಿನೀರು, ಜೊತೆಗೆ ನೆಟ್ಟಗಿರುವ ಶ್ವಾಸಕೋಶ. ಸಂಬಂಧ: ಒಲೆಗೂ ಹಂಡೆಗೂ ಇರುವಂಥದ್ದು. ಅಧಿಕಾರಿ ಯಾರೆಂಬುದು ಜಟಿಲ ಪ್ರಶ್ನೆ. ಅದನ್ನು ಕೊನೆಗೆ ಎತ್ತಿಕೊಳ್ಳಲಾಗುವುದು.

ಅಡುಗೆಯ ಒಲೆ ಬಿಟ್ಟು ಬಚ್ಚಲಿನದ್ದೇ ಏಕೆ ಎಂದು ಆಕ್ಷೇಪಿಸುವವರಿದ್ದಾರೆ. ಸಮಾಧಾನ ಸುಲಭ. 2016ರಲ್ಲಿ ಉಜ್ವಲಾ ಯೋಜನೆ ಬಂತು, ಅದಕ್ಕೂ ಮೊದಲೇ ಅನೇಕ ಮನೆಗಳಿಗೆ ಸಿಲಿಂಡರ್ ಬಂದಿತ್ತು. ಮಲೆನಾಡು, ಕರಾವಳಿಯ ಎಷ್ಟೋ ಮನೆಗಳಲ್ಲಿ ಚಹಾ, ಪಲ್ಯ, ಸಾರು ಎಲ್ಲ ಗ್ಯಾಸಿಗೆ ಬಡ್ತಿ ಪಡೆದವು. ಹಂಡೆ ಮಾತ್ರ ಇದ್ದಲ್ಲೇ ಇದೆ. ತೋಟದಲ್ಲಿ ಅಡಿಕೆ ಸೋಗೆ, ತೆಂಗಿನ ಮಟ್ಟೆ, ಕರಟ ಬಿದ್ದಿರುವಾಗ ಮೈತೊಳೆಯುವ ನೀರಿಗೆ ಸಿಲಿಂಡರ್ ಉರಿಸುವವನನ್ನು ಊರು ಅನುಮಾನದಿಂದ ನೋಡುತ್ತದೆ. ಸೋಲಾರ್ ಇದ್ದವರೂ ಆಷಾಢದಲ್ಲಿ ಹಂಡೆಗೇ ಶರಣು.

ಇನ್ನು ಪೂರ್ವಪಕ್ಷ. ಪಂಥಗಳು ನಾಲ್ಕು.

ಮೊದಲನೆಯದು ಊದುಪಂಥ. ಇವರ ಆಯುಧ ಊದುಗೊಳವೆ. ಉರಿ ಏಳುತ್ತಿಲ್ಲ, ಆದ್ದರಿಂದ ಗಾಳಿ ಸಾಲದು, ಆದ್ದರಿಂದ ಊದಬೇಕು ಎಂಬುದು ಇವರ ಅನುಮಾನವಾಕ್ಯ. ಅರ್ಧ ಸತ್ಯ. ಗಾಳಿ ಸಾಲದೇ ಇರುವುದು ನಿಜ. ಹಿಂದಿನ ಮೂರು ದಿನದ ಬೂದಿ ಒಲೆಯ ತಳದಲ್ಲಿ ಒತ್ತಿಕೊಂಡು ಕೂತಿರುವುದರಿಂದ ಸಾಲದು. ಬೂದಿ ಬಾಚಲು ಎರಡು ನಿಮಿಷ, ಊದಲು ಅರ್ಧ ಗಂಟೆ. ಊದುಪಂಥದವರು ಸಂಪ್ರದಾಯನಿಷ್ಠರು, ಎರಡನೆಯದನ್ನೇ ಆಯ್ದುಕೊಳ್ಳುತ್ತಾರೆ.

ಎರಡನೆಯದು ತುರುಕುಪಂಥ. ಒಲೆಯ ಬಾಯಿ ತುಂಬ ಕುಂಟೆ ತುರುಕಿ, ಹಾಲು ಕರೆಯಲು ಹೋಗಿಬಿಡುವುದು ಇವರ ಪದ್ಧತಿ. ಬಂದು ನೋಡಿದರೆ ಬಚ್ಚಲು ಕಾಣುವುದಿಲ್ಲ. ಸೌದೆ ಜಾಸ್ತಿಯಾದರೆ ಶಾಖ ಜಾಸ್ತಿ ಎಂಬ ಇವರ ವ್ಯಾಪ್ತಿಗೆ, ಅಂದರೆ ನಿಯಮಕ್ಕೆ, ವ್ಯಭಿಚಾರದೋಷವಿದೆ, ಅದು ಎಲ್ಲೆಡೆ ನಿಲ್ಲುವುದಿಲ್ಲ. ಗಾಳಿ ಒಳಗೆ ಹೋಗುವ ದಾರಿಯಲ್ಲೇ ಸೌದೆ ಮಲಗಿರುತ್ತದೆ.

ಮೂರನೆಯವರು ಎಣ್ಣೆಪಂಥದವರು. ಇವರ ಮೂಲಪುರುಷರು ಸೀಮೆಎಣ್ಣೆ ಸುರಿಯುತ್ತಿದ್ದರು. ರೇಷನ್ ಎಣ್ಣೆ ಅಪರೂಪವಾದ ಮೇಲೆ ಶಿಷ್ಯಪರಂಪರೆ ಹಾಲಿನ ಕವರು, ಹಳೇ ಹವಾಯಿ ಚಪ್ಪಲಿ, ಸೈಕಲ್ ಟೈರಿನ ತುಂಡುಗಳಿಗೆ ಇಳಿದಿದೆ. ಪ್ಲಾಸ್ಟಿಕ್ ಮತ್ತು ರಬ್ಬರಿನ ಹೊಗೆ ಸೌದೆಯದ್ದಕ್ಕಿಂತ ವಿಷಕಾರಿ. ಪಿವಿಸಿ ಉರಿದರೆ ಹೈಡ್ರೋಕ್ಲೋರಿಕ್ ಆಮ್ಲದ ಅನಿಲವೇ ಏಳುತ್ತದೆ. ಇವರೊಂದಿಗೆ ವಾದವಿಲ್ಲ. ಅವರ ಒಲೆಯ ಪಕ್ಕ ನಿಂತು ಬಾಯಿ ತೆರೆಯುವುದೇ ಕ್ಷೇಮವಲ್ಲ.

ನಾಲ್ಕನೆಯವರು ಧೂಮಭಕ್ತರು. ಇವರ ವಾದವನ್ನು ಸ್ವಲ್ಪ ಗೌರವದಿಂದ ಕೇಳಬೇಕು. ಹೊಗೆ ತಾಗಿದ ಬಿದಿರಿಗೆ ಹುಳ ಹಿಡಿಯುವುದಿಲ್ಲ, ಅಟ್ಟದ ಬೀಜ ಕೆಡುವುದಿಲ್ಲ, ಸೊಳ್ಳೆ ಓಡುತ್ತದೆ ಎನ್ನುತ್ತಾರೆ. ಅಲ್ಲಗಳೆಯುವಂತಿಲ್ಲ. ಆದರೆ ಹುಳಕ್ಕೆ ಆಗದ ಹೊಗೆ ಮನುಷ್ಯನಿಗೆ ಆಗಿಬರುತ್ತದೆ ಎಂಬುದಕ್ಕೆ ಪ್ರಮಾಣವೇನು? ಮನೆಯೊಳಗಿನ ಒಲೆಗಳ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತಿದ್ದಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನ್ಯುಮೋನಿಯಾ, ಪಾರ್ಶ್ವವಾಯು, ಹೃದ್ರೋಗ, ದೀರ್ಘಕಾಲದ ಉಬ್ಬಸ, ಶ್ವಾಸಕೋಶದ ಕ್ಯಾನ್ಸರ್ ಆ ಪಟ್ಟಿಯಲ್ಲಿವೆ. ತೊಲೆಬಿದಿರಿನ ಆಯುಷ್ಯಕ್ಕೆ ಮನೆಯವರ ಆಯುಷ್ಯ ಅಡವಿಡುವ ಈ ಪಂಥ ಇಲ್ಲಿಗೆ ನಿರಸ್ತವಾಯಿತು.

ಈಗ ಸಿದ್ಧಾಂತ. ಸೌದೆ ಉರಿಯುತ್ತದೆ ಎಂದು ಲೋಕ ಹೇಳುತ್ತದೆ, ಶಾಸ್ತ್ರ ಒಪ್ಪುವುದಿಲ್ಲ. ಸೌದೆ ಮೊದಲು ನೀರು ಬಿಡುತ್ತದೆ. 200 ಡಿಗ್ರಿ ದಾಟಿದ ಮೇಲೆ ಮರವೇ ಒಡೆದು ಅನಿಲವಾಗತೊಡಗುತ್ತದೆ. ಒಣ ಸೌದೆಯ ತೂಕದಲ್ಲಿ ಮುಕ್ಕಾಲು ಪಾಲು ಹೀಗೆ ಅನಿಲವಾಗಿಯೇ ಹೊರಬೀಳುತ್ತದೆ, ಉಳಿದದ್ದು ಕೆಂಡ. ನಾವು ಉರಿ ಎಂದು ಕರೆಯುವುದು ಆ ಅನಿಲ ಹೊತ್ತಿಕೊಂಡ ರೂಪವನ್ನು. ಅದು ಪೂರ್ತಿ ಹೊತ್ತಿಕೊಳ್ಳಲು 600 ಡಿಗ್ರಿಯ ಆಸುಪಾಸಿನ ಬಿಸಿ ಬೇಕು, ಸಾಕಷ್ಟು ಗಾಳಿ ಬೇಕು, ಎರಡೂ ಬೆರೆಯಲು ತುಸು ಜಾಗ, ತುಸು ಹೊತ್ತು ಬೇಕು. ಒಂದು ತಪ್ಪಿದರೂ ಅನಿಲ ಉರಿಯದೆ ತಣ್ಣಗಾಗಿ ಮಸಿ, ಟಾರು, ಕಾರ್ಬನ್ ಮಾನಾಕ್ಸೈಡ್ ಆಗಿ ಏಳುತ್ತದೆ. ಹೊಗೆಯೆಂದರೆ ಉರಿಯದೆ ಹೋದ ಸೌದೆ. ಕಣ್ಣು ಉರಿಸಿದ್ದೂ ಹಂಡೆ ಕಾಯಿಸದೆ ತಪ್ಪಿಸಿಕೊಂಡದ್ದೂ ಒಂದೇ.

ಆಗ ತಾನೇ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರು. ಅಂಥ ಒಂದು ಕಿಲೋ ಸೌದೆ ಒಲೆಗಿಟ್ಟರೆ ಅದರೊಳಗಿನ ಅರ್ಧ ಲೀಟರ್ ನೀರನ್ನು ಆವಿ ಮಾಡಿ ಓಡಿಸಿದ ಮೇಲೆಯೇ ಬೆಂಕಿ ತನ್ನ ಕೆಲಸಕ್ಕೆ ಕೂರುವುದು. ಆ ಶಾಖದಲ್ಲಿ ಹಂಡೆಯ ನಾಲ್ಕು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದಿತ್ತು. ಅದಕ್ಕಿಂತ ದೊಡ್ಡ ನಷ್ಟ, ಆ ಆವಿ ಒಲೆಯನ್ನೇ ತಣ್ಣಗಾಗಿಸಿ ಅನಿಲ ಹೊತ್ತಿಕೊಳ್ಳದಂತೆ ಮಾಡುವುದು. ನೈಯಾಯಿಕರ ಉಪಾಧಿಗೆ ಥರ್ಮಾಮೀಟರಿನ ಸಾಕ್ಷಿ ಸಿಕ್ಕಿತು.

ಪ್ರತಿಪಕ್ಷಿಗಳು ಲೆಕ್ಕ ಕೇಳುವುದರಿಂದ ಲೆಕ್ಕವನ್ನೂ ಕೊಡಬೇಕು. ಹಂಡೆ 40 ಲೀಟರಿನದ್ದು, ನೀರು 20 ಡಿಗ್ರಿಯಿಂದ 60ಕ್ಕೆ ಏರಬೇಕು ಎಂದಿಟ್ಟುಕೊಳ್ಳಿ. ಬೇಕಾದದ್ದು ಸುಮಾರು 6.7 ಮೆಗಾಜೂಲ್. ಗಾಳಿಗೆ ಚೆನ್ನಾಗಿ ಒಣಗಿದ ಸೌದೆ ಕಿಲೋಗೆ ಸುಮಾರು 15 ಮೆಗಾಜೂಲ್ ಕೊಡುತ್ತದೆ. ಶಾಖವೆಲ್ಲ ನೀರಿಗೇ ಸೇರುವುದಾದರೆ ಅರ್ಧ ಕಿಲೋ ಸೌದೆಯೂ ಬೇಡ. ಮೂರು ಕಲ್ಲಿನ ತೆರೆದ ಒಲೆ ಅದರಲ್ಲಿ ನೂರಕ್ಕೆ ಹತ್ತರಷ್ಟನ್ನು ಮಾತ್ರ ಪಾತ್ರೆಗೆ ಮುಟ್ಟಿಸಿದರೆ ನಾಲ್ಕೂವರೆ ಕಿಲೋ ಬೇಕು. ನೂರಕ್ಕೆ ಮೂವತ್ತು ಮುಟ್ಟಿಸುವ ಒಲೆಯಾದರೆ ಒಂದೂವರೆ. ನಡುವಿನ ಮೂರು ಕಿಲೋ ಸೌದೆಯನ್ನು ಯಾರೋ ಕಡಿದು, ಸೀಳಿ, ತಲೆಮೇಲೆ ಹೊತ್ತು ತಂದಿರುತ್ತಾರೆ.

ಈ ಶಾಸ್ತ್ರಕ್ಕೆ ಆಚಾರ್ಯಪರಂಪರೆಯೂ ಉಂಟು. ಅಮೆರಿಕದಲ್ಲಿ ಹುಟ್ಟಿ ಬವೇರಿಯಾದಲ್ಲಿ ಕೌಂಟ್ ರಮ್‌ಫರ್ಡ್ ಆದ ಬೆಂಜಮಿನ್ ಥಾಂಪ್ಸನ್ 1790ರ ದಶಕದಲ್ಲಿ ಮ್ಯೂನಿಕ್‌ನ ಬಡವರಿಗಾಗಿ ದೊಡ್ಡ ಅಡುಗೆಮನೆಗಳನ್ನು ಕಟ್ಟಿಸಿದ. ಬೆಂಕಿಯನ್ನು ಇಟ್ಟಿಗೆಯೊಳಗೆ ಮುಚ್ಚಿ, ಗಾಳಿಯನ್ನು ಬಾಗಿಲಿನಿಂದ ಹತೋಟಿಗೆ ತಂದು, ಒಲೆಯ ಬಗ್ಗೆ ಉದ್ದುದ್ದ ಪ್ರಬಂಧಗಳನ್ನು ಬರೆದ. ನಮ್ಮಲ್ಲಿ ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದ ಎಸ್.ಪಿ. ರಾಜು 1950ರ ದಶಕದ ಆರಂಭದಲ್ಲೇ ಹೊಗೆಯಿಲ್ಲದ ಅಡುಗೆಮನೆಯ ಬಗ್ಗೆ ಪುಸ್ತಕ ತಂದರು. 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಘಟಕ ಹುಟ್ಟಿತು. ಹೆಸರಿಗೆ ತಕ್ಕ ಬಾಣ ಬಿಟ್ಟದ್ದು 80ರ ದಶಕದಲ್ಲಿ: ಅಸ್ತ್ರ ಒಲೆ. ಮೂರು ಪಾತ್ರೆ, ಉರಿಯ ಕೆಳಗೆ ಜಾಲರಿ, ಸೌದೆ ಹಾಕುವ ಬಾಯಿಗೆ ಮುಚ್ಚಳ, ಹೊಗೆಗೆ ಕೊಳವೆ. ಪ್ರಯೋಗಾಲಯದಲ್ಲಿ ಅದು ನೂರಕ್ಕೆ 40ಕ್ಕಿಂತ ಹೆಚ್ಚು ಶಾಖವನ್ನು ಪಾತ್ರೆಗೆ ತಲುಪಿಸಿತು.

ಪ್ರಯೋಗಾಲಯ ಎಂಬ ಪದಕ್ಕೆ ಭಾಷ್ಯ ಬೇಕು. ಅಲ್ಲಿ ಸೌದೆ ಒಣಗಿರುತ್ತದೆ, ಅಳತೆಗೆ ಸೀಳಿರುತ್ತದೆ, ಉರಿಸುವವರಿಗೆ ಬೇರೆ ಕೆಲಸವಿರುವುದಿಲ್ಲ. ಮನೆಯಲ್ಲಿ ಈ ಮೂರೂ ಇರುವುದಿಲ್ಲ. ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ಕಾರ್ಯಕ್ರಮ 1980ರ ದಶಕದಲ್ಲಿ ಶುರುವಾಗಿ 2002ರಲ್ಲಿ ನಿಲ್ಲುವ ಹೊತ್ತಿಗೆ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳು ಲೆಕ್ಕಕ್ಕೆ ಬಂದಿದ್ದವು. ಲೆಕ್ಕದಲ್ಲಿದ್ದವು ಹಲವು, ಉರಿಯುತ್ತಿದ್ದವು ಕೆಲವು. ಮಣ್ಣಿನ ಒಲೆ ಬಿರುಕು ಬಿಟ್ಟಿತು, ಮೆತ್ತುವವರ ಕೈಗೆ ತಕ್ಕಂತೆ ಅಳತೆ ಬದಲಾಯಿತು, ಸೀಳದ ಕುಂಟೆ ಹಿಡಿಯಲೆಂದು ಬಾಯಿಯನ್ನು ಅಗಲ ಮಾಡಿದವರೂ ಇದ್ದರು. ತುರುಕುಪಂಥದ ಕೈಗೆ ಸಿಕ್ಕ ಮೇಲೆ ಯಾವ ವಿಜ್ಞಾನವೂ ಉಳಿಯದು.

ಆದ್ದರಿಂದ ಒಲೆಗಿಂತ ಮೊದಲು ವಿಧಿ. ಬಚ್ಚಲಿಗೆ ಸಂಬಂಧಿಸಿದ ವಿಧಿಗಳು ಹೆಚ್ಚಿಲ್ಲ. ಇದ್ದವನ್ನು ಮಾಡುವವರು ಇನ್ನೂ ಕಡಿಮೆ. ಸೌದೆಯನ್ನು ಹಸಿ ಇರುವಾಗಲೇ ಸೀಳಬೇಕು. ಸೀಳುವುದೂ ಸುಲಭ, ಒಳಮೈ ಒಣಗುವುದೂ ಬೇಗ. ಮಣಿಕಟ್ಟಿಗಿಂತ ದಪ್ಪ ಬೇಡ. ನೆಲಕ್ಕೆ ತಾಗದಂತೆ, ನಡುವೆ ಗಾಳಿ ಆಡುವಂತೆ, ಮೇಲೆ ಮಾತ್ರ ಮರೆಯಿರುವಂತೆ ಒಟ್ಟಬೇಕು. ಸುತ್ತ ಟಾರ್ಪಾಲು ಬಿಗಿದರೆ ಸೌದೆ ಒಣಗುವುದಿಲ್ಲ, ಅಣಬೆ ಏಳುತ್ತದೆ. ಒಣಗಿತೇ ಎಂದು ತಿಳಿಯಲು ತುದಿಯ ಬಿರುಕು ನೋಡಿ, ಎರಡು ತುಂಡು ಒಂದಕ್ಕೊಂದು ಬಡಿದು ಕೇಳಬೇಕು. ಠಣ್ಣೆಂದರೆ ಒಣಗಿದೆ, ದಪ್ ಎಂದರೆ ಇಲ್ಲ. ಇದು ಶಬ್ದಪ್ರಮಾಣ.

ಒಲೆ ಹಚ್ಚುವಾಗ ಮೊದಲು ಬೂದಿ ಬಾಚಬೇಕು. ಕೆಳಗೆ ನಾಲ್ಕು ಕಬ್ಬಿಣದ ಸರಳಿನ ಜಾಲರಿ ಇದ್ದರೆ ಗಾಳಿ ಕೆಂಡದ ಅಡಿಯಿಂದ ಬರುತ್ತದೆ, ಊದುಗೊಳವೆಗೆ ನಿವೃತ್ತಿ ಸಿಗುತ್ತದೆ. ಪುಳ್ಳೆ, ಕರಟದಿಂದ ಉರಿ ಎಬ್ಬಿಸಿ, ಎರಡು ಮೂರು ಸೀಳು ಸೌದೆಯ ತುದಿಗಳನ್ನಷ್ಟೇ ಬೆಂಕಿಗೆ ಕೊಟ್ಟು, ತುದಿ ಉರಿದಂತೆ ಮುಂದಕ್ಕೆ ತಳ್ಳುತ್ತಿರಬೇಕು. ಹಂಡೆಗೂ ಒಲೆಗೋಡೆಗೂ ನಡುವೆ ಒಂದು ಬೆರಳು ಸಂದಿ ಸಾಕು. ಕೈ ತೂರುವಷ್ಟಿದ್ದರೆ ಬಿಸಿಗಾಳಿ ಹಂಡೆಯನ್ನು ಮಾತಾಡಿಸದೆ ಹೋಗಿಬಿಡುತ್ತದೆ. ಹಂಡೆಯ ತಳದಲ್ಲಿ ಹಪ್ಪಳದಂತೆ ಕಟ್ಟಿದ ಮಸಿಯೂ ಶಾಖವನ್ನು ತಡೆಯುತ್ತದೆ, ಆಗಾಗ ಕೆರೆಯಬೇಕು. ಮೇಲೆ ಮುಚ್ಚಳ. ಇಷ್ಟು ಹೇಳಲು ಗ್ರಂಥವೇ ಬೇಕಿತ್ತೇ ಎಂದು ಒಲೆಯ ಮುಂದೆ ಕೂತ ಅಜ್ಜಿಯರು ಕೇಳಿಯಾರು. ಅವರಿಗೆ ಬೇಕಿರಲಿಲ್ಲ.

ಒಂದು ವಿಷಯದಲ್ಲಿ ಅಣಕ ಬೇಡ. ಕೆಂಡ ನಿಗಿನಿಗಿ ಇದ್ದು ಹೊಗೆ ಕಾಣದಿದ್ದಾಗಲೂ ಕಾರ್ಬನ್ ಮಾನಾಕ್ಸೈಡ್ ಬರುತ್ತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಒಳಗೇ ಉರಿಯುವ ಒಲೆಯಿಟ್ಟುಕೊಂಡು, ಚಳಿಯೆಂದು ಬಚ್ಚಲಿನ ಕಿಟಕಿ ಬಾಗಿಲು ಬಿಗಿಮಾಡಿ ಮೀಯುವುದು ಜೀವಕ್ಕೇ ಅಪಾಯ. ಒಲೆಯ ಬಾಯಿಯನ್ನು ಗೋಡೆಯಾಚೆ ಇಟ್ಟು ಹಂಡೆಯನ್ನು ಮಾತ್ರ ಒಳಗೆ ಕೂರಿಸಿದ ಹಳೆಯ ಮನೆಗಳ ಗಾರೆಯವರಿಗೆ ಯಾವ ಪದವಿಯೂ ಇರಲಿಲ್ಲ, ಬುದ್ಧಿಯಿತ್ತು.

ಉಳಿದದ್ದು ಹೊಗೆಕೊಳವೆ ಮತ್ತು ಮುಂದಕ್ಕೆ ತಳ್ಳಿದ ಅಧಿಕಾರಿಯ ಪ್ರಶ್ನೆ. ಎರಡೂ ಒಂದೇ. ಬಿಸಿಗಾಳಿ ಹಗುರ, ಅದು ಏರುತ್ತ ಒಲೆಯೊಳಗೆ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ಕೊಳವೆ ಎತ್ತರವಿದ್ದಷ್ಟೂ, ಒಳಗೆ ಬಿಸಿಯಿದ್ದಷ್ಟೂ ಎಳೆತ ಜೋರು. ಮಳೆಗಾಲದ ಬೆಳಗ್ಗೆ ತಣ್ಣಗಿರುವ ಕೊಳವೆ ಎಳೆಯುವುದಿಲ್ಲ. ಮೊದಲು ಒಂದು ಹಿಡಿ ಒಣ ಸೋಗೆ ಧಗ್ಗನೆ ಉರಿಸಿ ಅದನ್ನು ಬೆಚ್ಚಗೆ ಮಾಡಬೇಕು. ಒಳಗೆ ಮಸಿ ಕಟ್ಟಿ ದಾರಿ ಕಿರಿದಾದರೆ ಯಾವ ಉಪಾಯವೂ ನಡೆಯದು, ಹೊಗೆ ಬಂದ ದಾರಿಯಲ್ಲೇ ಮರಳುತ್ತದೆ. ಕಟ್ಟಿದ ಮಸಿಗೇ ಬೆಂಕಿ ಹತ್ತುವ ಭಯ ಬೇರೆ. ಅಂದ ಮೇಲೆ ಮಾಡು ಹತ್ತಿ ಅದನ್ನು ಗುಡಿಸುವ ಅಧಿಕಾರಿ ಯಾರು? ಮನೆಮನೆಗಳಲ್ಲಿ ಈ ಬಗ್ಗೆ ದೀರ್ಘ ಮೌನವಿದೆ. ಸೌದೆ ತರುವವರು, ಉರಿ ಹಾಕುವವರು, ಹೊಗೆ ಕುಡಿಯುವವರು ಹೆಚ್ಚಾಗಿ ಹೆಂಗಸರು. ಹಂಡೆಯ ಮೊದಲ ಬಿಸಿನೀರು ಹೆಚ್ಚಾಗಿ ಮನೆಯ ಯಜಮಾನರದ್ದು. ಫಲಭೋಕ್ತೃವೇ ಕರ್ತೃವೂ ಆಗಿರಬೇಕೆಂಬ ನ್ಯಾಯದಿಂದ ಅಧಿಕಾರ ಯಜಮಾನರಿಗೇ ಸಲ್ಲುತ್ತದೆ.

ಆ ಯಜಮಾನರು ಈ ಪುಟ ಓದುತ್ತಿದ್ದರೆ ಒಂದು ವಿನಂತಿ. ಮೇ ತಿಂಗಳು ಮುಗಿಯುವ ಮೊದಲು, ಒಲೆ ಪೂರ್ತಿ ತಣ್ಣಗಿರುವಾಗ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹಗ್ಗಕ್ಕೆ ಬಿಗಿದ ಗೋಣಿಚೀಲದ ಮುದ್ದೆಯೊಂದನ್ನು ಮೇಲಿನಿಂದ ಕೊಳವೆಗೆ ಇಳಿಬಿಟ್ಟು ನಾಲ್ಕು ಸಲ ಎಳೆದಾಡಿ. ಏಣಿ ಹಿಡಿಯಲು ಕೆಳಗೊಬ್ಬರು ಇರಲಿ. ಬಿದ್ದ ಮಸಿಯನ್ನೂ ನೀವೇ ಬಾಚಿ.