ಬಾನೆಟ್ಟಿನ ರಾಯರು

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ, ಎರಡು ಗಗನಚುಂಬಿ ಕಟ್ಟಡಗಳ ನಡುವಣ ಇಕ್ಕಟ್ಟಾದ ಪಾರ್ಕಿಂಗಿನಲ್ಲಿ ಯಾರಾದರೂ ತಮ್ಮ ವಾಹನದ ಬಾನೆಟ್ಟನ್ನು ಎತ್ತಿ ನಿಲ್ಲಿಸಿದರೆ ಸಾಕು, ಯಾರೂ ಕರೆಯದೆ, ಹೇಳಿಕಳುಹಿಸದೆ, ಕರಕ್ ಚಾಯಿಯ ಲೋಟದೊಡನೆ ಪ್ರತ್ಯಕ್ಷರಾಗುವ ಮಹನೀಯರೊಬ್ಬರಿದ್ದಾರೆ. ವೃತ್ತಿಯಿಂದ ಲೆಕ್ಕಿಗರು, ಪ್ರವೃತ್ತಿಯಿಂದ ಯಂತ್ರಶಾಸ್ತ್ರವಿಶಾರದರು. ನಮಗೆಲ್ಲ ಬರಿಯ ‘ರಾಯರು’. ಬಡಾವಣೆಗೆ ಅಲ್ ಜಾಹಿಯಾ ಎಂಬ ಹೊಸ ಹೆಸರು ಬಂದಿದ್ದರೂ ಅವರ ಅನುಮೋದನೆ ಅದಕ್ಕಿನ್ನೂ ದೊರೆತಿಲ್ಲ. ಬಾಲ್ಯದಲ್ಲಿ ಸೋದರಮಾವನ ಲಾರಿಯಲ್ಲಿ, ಕ್ಲೀನರನ ಪಕ್ಕದಲ್ಲಿ ಕುಳಿತು, ಕುಂದಾಪುರದಿಂದ ಹುಲಿಕಲ್ ಘಾಟಿಯನ್ನು ಹತ್ತಿದುದೇ ಅವರ ಸಮಸ್ತ ಯಾಂತ್ರಿಕ ಜ್ಞಾನದ ಮೂಲಸ್ರೋತ. ಸ್ಪ್ಯಾನರು ಅವರ ಕರಸ್ಪರ್ಶದಿಂದ ಪುನೀತವಾದುದನ್ನು ಕಂಡವರು ಮಾತ್ರ ಯಾರೂ ಇಲ್ಲ. ಉಪದೇಶಿಸುವವನ ಕೈಗೆ ಮಸಿ ಹತ್ತಬಾರದೆಂಬುದು ಅವರ ಸಂಪ್ರದಾಯವಿರಬೇಕು.

ಕಳೆದ ಬೇಸಿಗೆಯಲ್ಲಿ ಅವರ ಅನುಗ್ರಹಕ್ಕೆ ಪಾತ್ರನಾದವನು ಬಂಟ್ವಾಳದ ಕಡೆಯ ಒಬ್ಬ ತರುಣ. ಸಾಮಾನು ಸಾಗಿಸಲೆಂದು ಅವನು ಕೊಂಡಿದ್ದುದು 2006ರ ಮಾದರಿಯ ಫೋರ್ಡ್ ಎಫ್-150 ಪಿಕಪ್; 5.4 ಲೀಟರಿನ, ಎಂಟು ಸಿಲಿಂಡರಿನ ಭೀಮಕಾಯದ ಎಂಜಿನ್ನು. ಇದರ ಸ್ಪಾರ್ಕ್ ಪ್ಲಗ್ಗು ಸಾಮಾನ್ಯದ್ದಲ್ಲ. ಎರಡು ತುಂಡುಗಳನ್ನು ಜೋಡಿಸಿ ಮಾಡಿದ ಈ ಪ್ಲಗ್ಗಿನ ತುದಿಯಲ್ಲಿರುವ ನೀಳವಾದ ಲೋಹದ ಕೊಳವೆ ಅಲ್ಯೂಮಿನಿಯಮ್ ಹೆಡ್ಡಿನ ಆಳಕ್ಕೆ ಇಳಿದು ಕೂತಿರುತ್ತದೆ. ವರ್ಷಾಂತರಗಳ ಇಂಗಾಲವು ಅದರ ಸುತ್ತ ಗಟ್ಟಿಕಟ್ಟಿದ ಮೇಲೆ, ಬಲಪ್ರಯೋಗ ಮಾಡಿದವನ ಕೈಗೆ ಮೇಲರ್ಧ ಮಾತ್ರ ಬಂದು ಕೊಳವೆಯು ಒಳಗೇ ಉಳಿಯುತ್ತದೆ. ಆದುದರಿಂದಲೇ ಕಂಪನಿಯು 2008ರಲ್ಲಿ ಸೂಚನಾಪತ್ರವೊಂದನ್ನು ಹೊರಡಿಸಿ, ಎಂಜಿನ್ನು ಸಂಪೂರ್ಣ ತಣಿದ ಮೇಲೆ ಪ್ಲಗ್ಗನ್ನು ಎಂಟನೆಯ ಒಂದು ಸುತ್ತಿನಿಂದ ಕಾಲು ಸುತ್ತಿನಷ್ಟು ಮಾತ್ರ ಸಡಿಲಿಸಿ, ಕಾರ್ಬುರೇಟರ್ ಕ್ಲೀನರನ್ನು ಮುಕ್ಕಾಲು ಚಮಚೆ ಮೀರದಂತೆ ಪ್ಲಗ್ಗಿನ ಕುಳಿಗೆ ಸುರಿದು, ಕನಿಷ್ಠ 15 ನಿಮಿಷ ಕಾದು, ಆಮೇಲೆ ಹಿಂದಕ್ಕೂ ಮುಂದಕ್ಕೂ ಮೆಲ್ಲಮೆಲ್ಲನೆ ತಿರುಗಿಸತಕ್ಕದ್ದೆಂದು ವಿಧಿಸಿತು.

ತರುಣನು ಇದನ್ನು ಮೊಬೈಲಿನಲ್ಲಿ ತೋರಿಸಿದಾಗ ರಾಯರು ಕರುಣೆಯಿಂದ ನಕ್ಕರು.

“ತಣಿದ ಮೇಲೆ ಅಂತೆ! ಅವರು ಚಳಿದೇಶದವರು ಮಾರಾಯ, ಅವರಿಗೇನು ಗೊತ್ತು? ಜುಲೈ ತಿಂಗಳಲ್ಲಿ ಇಲ್ಲಿ ಎಂಜಿನ್ ಯಾವಾಗ ತಣಿಯುವುದು? ಬಿಸಿಗೆ ಅಲ್ಯೂಮಿನಿಯಮ್ ಹಿಗ್ಗುತ್ತದೆ. ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡು, ಆಮೇಲೆ ಎಳೆ.”

ನೆರಳಿನಲ್ಲಿಯೂ 45 ಡಿಗ್ರಿ ಉರಿಯುವ ಊರಿನಲ್ಲಿ ಈ ವಾದಕ್ಕೆ ಒಂದು ಬಗೆಯ ಶೋಭೆಯಿದ್ದುದನ್ನು ನಾನು ಒಪ್ಪಲೇಬೇಕು. ಎಂಜಿನ್ನು ಕಾಯಿತು. ತರುಣನು ಎಳೆದನು. ‘ಟಕ್’ ಎಂದಿತು.

“ನಾನು ನಿಧಾನವಾಗಿ ಎಂದಿದ್ದೆ,” ಎಂದು ರಾಯರು ಚಾಯಿಯ ಕೊನೆಯ ಗುಟುಕನ್ನು ಮುಗಿಸಿದರು.

ಪಿಕಪ್ಪು ರಿಕವರಿ ವ್ಯಾನಿನ ಬೆನ್ನೇರಿ ಮುಸಫ್ಫಾದ ಗ್ಯಾರೇಜಿಗೆ ಹೋಯಿತು, ರಾಯರೂ ಹೋದರು. ಅಲ್ಲಿಯ ಮಲಯಾಳಿ ಮೇಸ್ತ್ರಿ ಮಿತಭಾಷಿ. ರಾತ್ರಿಯಿಡೀ ವಾಹನವನ್ನು ಮುಟ್ಟದೆ ಬಿಟ್ಟು, ಬಿಸಿಲೇರುವ ಮುನ್ನ ಕೆಲಸಕ್ಕೆ ಕೈಹಾಕಿದನು. ಬಾವಿಗೆ ಬಿದ್ದ ಕೊಡವನ್ನು ಎತ್ತಲು ನಮ್ಮ ಹಿರಿಯರು ಪಾತಾಳಗರಡಿಯನ್ನು ಇಳಿಬಿಡುತ್ತಿದ್ದಂತೆ, ಒಡೆದ ಪಿಂಗಾಣಿಯನ್ನು ಮೊದಲು ಕೊಳವೆಯ ಆಳಕ್ಕೆ ತಳ್ಳಿ, ಕೊಳವೆಯ ಒಳಮೈಗೆ ತಿರುಪಿನ ಎಳೆಯುಳ್ಳ ಉಪಕರಣವೊಂದನ್ನು ತಿರುಗಿಸಿ ಹಿಡಿಸಿ, ಅದರ ಮೇಲಣ ನಟ್ಟನ್ನು ಬಿಗಿಮಾಡುತ್ತ ಹೋದಂತೆ, ಕಿರ್ರೆಂದು ಚೀರುತ್ತ ಕೊಳವೆ ಮೇಲೆದ್ದಿತು. ಉಳಿದ ಏಳನ್ನು ಅವನು ಕಂಪನಿಯ ವಿಧಿಯಂತೆಯೇ ತೆಗೆದನು, ಒಂದೂ ಮುರಿಯಲಿಲ್ಲ. ರಾಯರು ಪ್ರತಿಯೊಂದಕ್ಕೂ ತಲೆದೂಗಿ, “ಹಾಂ, ಹಾಗೇ,” ಎಂದು ಅಪ್ಪಣೆ ಕೊಡುತ್ತಿದ್ದರು.

ಆ ವಾರದಿಂದೀಚೆಗೆ ತಣ್ಣನೆಯ ಎಂಜಿನ್ನು, ಕ್ಲೀನರು, 15 ನಿಮಿಷ ಎಂಬ ಸೂತ್ರತ್ರಯವು ರಾಯರ ಸ್ವಂತ ಸಂಶೋಧನೆಯಾಗಿ ಪ್ರಚಾರದಲ್ಲಿದೆ. ಮೊನ್ನೆ ಊರಿನಿಂದ ಅವರ ಭಾವಮೈದುನನ ಫೋನು ಬಂದಿತ್ತು. ಮರಳು ಹೇರುವ ಅವನ ಡೀಸೆಲ್ ಟಿಪ್ಪರು ಬೆಳಗಿನಿಂದ ಸ್ಟಾರ್ಟಾಗಲೊಲ್ಲದು. ಡೀಸೆಲ್ ಎಂಜಿನ್ನಿನಲ್ಲಿ ಇಂಧನವು ಒತ್ತಿ ಕಾಯಿಸಿದ ಗಾಳಿಯ ಶಾಖದಿಂದಲೇ ಹೊತ್ತಿಕೊಳ್ಳುವುದರಿಂದ ಅದಕ್ಕೆ ಸ್ಪಾರ್ಕ್ ಪ್ಲಗ್ಗೆಂಬುದೇ ಇರುವುದಿಲ್ಲ. ರಾಯರು ಸೂತ್ರತ್ರಯವನ್ನು ಉಪದೇಶಿಸಿ ಫೋನಿಟ್ಟರು. ಒಂದು ಗಂಟೆಯ ತರುವಾಯ ಮತ್ತೆ ಕರೆ ಬಂತು.

“ಬಾವಯ್ಯ, ಎಷ್ಟ್ ಹುಡ್ಕಿರೂ ಪ್ಲಗ್ಗೇ ಕಾಂಬುದಿಲ್ಲೆ.”

“ಮಸಿಯಲ್ಲಿ ಹುಗಿದುಹೋಗಿರುತ್ತದೆ ಮಾರಾಯ,” ಎಂದರು ರಾಯರು. “ಮೊದಲು ಕ್ಲೀನರ್ ಸುರಿ.”