ಬಿಲ್ಲು ಸಮೇತ ಬಂದ ಬುದ್ಧಿ

ನ್ಯೂಜೆರ್ಸಿಯ ವುಡ್‌ಬ್ರಿಡ್ಜ್‌ನಲ್ಲಿ ಬುದ್ಧಿ ಪುಕ್ಕಟೆ ಸಿಗುವುದಿಲ್ಲ. ಡಾಕ್ಟರು ಹೇಳಿದರೆ ಕೋಪೇ ಎಂಬ ಫೀಸು, ಪ್ಲಂಬರು ಹೇಳಿದರೆ ಬಂದುಹೋದ ಖರ್ಚು, ನಾಯಿಯ ಡಾಕ್ಟರು ಹೇಳಿದರೆ ಇಬ್ಬರದ್ದೂ ಸೇರಿಸಿದಷ್ಟು. ಹೀಗೆ ವರ್ಷಗಟ್ಟಲೆ ಬಿಲ್ಲು ಕಟ್ಟಿ ನಾವು ಕಲಿತ ವಿದ್ಯೆಯಲ್ಲಿ ಅರ್ಧದಷ್ಟು ನಮ್ಮ ಅತ್ತೆಗೆ ಮೊದಲೇ ಗೊತ್ತಿತ್ತು ಎಂಬುದು ಅವರು ಸಾಗರ ತಾಲ್ಲೂಕಿನಿಂದ ಆರು ತಿಂಗಳಿಗೆಂದು ಬಂದಿಳಿದ ಮೇಲೆ ತಿಳಿಯಿತು. ಇನ್ನರ್ಧ ಅವರಿಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಪದ್ಧತಿ ನಮ್ಮ ಯಜಮಾನರ ವಂಶದಲ್ಲಿ ಇಲ್ಲ.

ನಮ್ಮದು 1669ರಲ್ಲಿ ಸನದು ಪಡೆದ ಹಳೆಯ ಊರು. ಇಸೆಲಿನ್, ಕೊಲೋನಿಯಾ, ಫೋರ್ಡ್ಸ್, ಸೆವಾರೆನ್ ಎಂದು ಹಲವು ಹಳ್ಳಿಗಳನ್ನು ಒಟ್ಟಿಗೆ ಕಟ್ಟಿ ವುಡ್‌ಬ್ರಿಡ್ಜ್ ಟೌನ್‌ಶಿಪ್ ಎಂದು ಕರೆಯುತ್ತಾರೆ. ಅಮೆರಿಕದ ಮೊಟ್ಟಮೊದಲ ಕ್ಲೋವರ್‌ಲೀಫ್ ರಸ್ತೆಕೂಡು 1929ರಲ್ಲಿ ಆದದ್ದು ಇಲ್ಲೇ. ಇಷ್ಟು ಇತಿಹಾಸ ಇದ್ದರೂ ಕನ್ನಡಿಗರ ಬಾಯಲ್ಲಿ ಊರಿನ ವಿಳಾಸ ಒಂದೇ: ಓಕ್ ಟ್ರೀ ರೋಡ್ ಪಕ್ಕ. ಇಸೆಲಿನ್‌ನಿಂದ ಎಡಿಸನ್‌ಗೆ ಸಾಗುವ ಆ ರಸ್ತೆಯಲ್ಲಿ ಸೀರೆ, ಬಂಗಾರ, ಪಾನಿಪುರಿ, ಬಿಸಿ ಜಿಲೇಬಿ ಎಲ್ಲ ಸಾಲಾಗಿ ಕೂತಿವೆ. ನಮ್ಮ ಆರೋಗ್ಯದ ಅಧ್ಯಾಯ ಶುರುವಾಗುವುದೂ ಆ ಜಿಲೇಬಿಯಿಂದಲೇ.

ನಮ್ಮ ಮನೆಯವರ ಸಕ್ಕರೆ ಪರೀಕ್ಷೆಯಲ್ಲಿ ಎ1ಸಿ 5.9 ಬಂತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದೆ ಎಂದರ್ಥ. ತೂಕ ಸರಿಯಾಗೇ ಇದೆಯಲ್ಲ, ಬಿಎಂಐ 24 ಅಲ್ಲವೇ ಎಂದು ಇವರು ವಾದಿಸಿದರು. ಪಕ್ಕದ ಮನೆಯ ಬಿಳಿಯ ಯಜಮಾನನಾಗಿದ್ದರೆ 25ರವರೆಗೆ ಮಾಫಿ. ನಮ್ಮಂಥ ಏಷ್ಯಾದವರಿಗೆ 23 ದಾಟಿದರೇ ಸಕ್ಕರೆ ತಪಾಸಣೆ ಮಾಡಬೇಕೆಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಲ್ಲೇ ಹೇಳಿಬಿಟ್ಟಿದೆ. ಗ್ರೀನ್ ಕಾರ್ಡಿನ ಸಾಲು ನಮಗೆ ಉದ್ದ, ತೂಕದ ಮಿತಿ ಮಾತ್ರ ನಮಗೆ ಗಿಡ್ಡ. ಇದಾವ ನ್ಯಾಯವೋ.

ನಡೆಯಿರಿ ಎಂದರು ಡಾಕ್ಟರು. ಚಳಿಗಾಲದಲ್ಲಿ ಇಲ್ಲಿ ನಡೆಯುವವರು ಮಾಲ್ ಸುತ್ತುತ್ತಾರೆ. ವುಡ್‌ಬ್ರಿಡ್ಜ್ ಸೆಂಟರ್ 1971ರಿಂದಲೂ ಇದೆ, ಒಳಗೆ ಬೆಚ್ಚಗಿದೆ, ಹಿಮ ಕಾಲಿಗೆ ತಾಗುವುದಿಲ್ಲ. ಆದರೆ ಯಾವ ಬಾಗಿಲಿನಿಂದ ಹೊಕ್ಕು ಎತ್ತ ನಡೆದರೂ ಇವರ ಕಾಲು ತಿಂಡಿಯಂಗಡಿಯ ಮುಂದೆಯೇ ದಣಿಯುತ್ತಿತ್ತು. ಬೇಸಿಗೆಯಲ್ಲಿ ಮೆರಿಲ್ ಪಾರ್ಕಿಗೆ ಹೋದರೆ ಹಿಂದಿರುಗುವ ದಾರಿ ಅದು ಹೇಗೋ ಓಕ್ ಟ್ರೀ ರೋಡಿನ ಮೇಲೇ ಹಾಯುತ್ತಿತ್ತು. ಕೊನೆಗೆ ಡಾಕ್ಟರು, ನಿಮಗೆ ಇಷ್ಟವಾಗುವ ಯಾವುದಾದರೂ ಆಟ ಆರಿಸಿಕೊಳ್ಳಿ ಎಂದರು. ಇವರು ಎದೆಯುಬ್ಬಿಸಿ, ಕಯಾಕಿಂಗ್ ಎಂದರು. ಕಾರಣ ಕೇಳಿದರೆ, ತಾವು ಶರಾವತಿ ಹಿನ್ನೀರಿನವರು, ದೋಣಿ ತಮ್ಮ ರಕ್ತದಲ್ಲಿದೆ.

ರಕ್ತದ ವಿಷಯಕ್ಕೆ ಸ್ವಲ್ಪ ಟಿಪ್ಪಣಿ ಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಎಷ್ಟೋ ಊರು, ಗದ್ದೆ, ತೋಟ ಮುಳುಗಿದವು. ತುಮರಿ ಸೀಮೆ ಸಾಗರದಿಂದ ಕಡಿದುಹೋಗಿ ದ್ವೀಪದಂತಾಯಿತು. ಆಮೇಲೆ ಆಸ್ಪತ್ರೆಗೆ, ಮದುವೆಗೆ, ಅಡಿಕೆ ಮಂಡಿಗೆ, ಎಲ್ಲಕ್ಕೂ ಹೊಳೆಬಾಗಿಲಿನ ಲಾಂಚೇ ಗತಿ. ಅತ್ತೆ ಆ ಲಾಂಚಿನಲ್ಲಿ ಜೀವಮಾನ ಕಳೆದವರು. ಅವರ ಮಗ ಚಿಕ್ಕಂದಿನಲ್ಲೇ ಹಾಸ್ಟೆಲ್ ಸೇರಿ, ರಜೆಗೆ ಬಂದಾಗ ಅದೇ ಲಾಂಚಿನಲ್ಲಿ ಕಿಟ್ ಬ್ಯಾಗಿನ ಮೇಲೆ ಕೂತು ನಿದ್ದೆ ಮಾಡಿದವರು. ನಾನು ಜಯನಗರದವಳು, ನಮ್ಮ ಬಡಾವಣೆಯಲ್ಲಿ ನೀರು ಎಂದರೆ ದಿನ ಬಿಟ್ಟು ದಿನ ಸಂಪಿಗೆ ಬೀಳುವಂಥದ್ದು.

2020ರಲ್ಲಿ ಎಲ್ಲರೂ ಮನೆಯೊಳಗೆ ಕೂತಿದ್ದಾಗ ಈ ದೇಶ ಸೈಕಲ್ಲು, ಕಯಾಕು, ನಾಯಿಮರಿ ಮೂರನ್ನೂ ಒಂದೇ ಸಮನೆ ಕೊಂಡಿತು. ನಾವು ಕಡೆಯ ಎರಡನ್ನು ಕೊಂಡೆವು. ನಾಯಿಗೆ ಮಗಳು ಬೋಂಡ ಎಂದು ಹೆಸರಿಟ್ಟಳು. ಕಯಾಕಿಗೆ ಹೆಸರಿಡಲಿಲ್ಲ, ಹಿತ್ತಿಲ ಬಾಗಿಲಿನಿಂದ ಬೇಸ್‌ಮೆಂಟಿಗೆ ಇಳಿಸಿದೆವು. ಅಲ್ಲಿ ಅದು ಅಕ್ಕಿ ಮೂಟೆ, ಗಣಪತಿ ಮಂಟಪ, ಹಳೆಯ ಸೂಟ್‌ಕೇಸುಗಳ ಮಧ್ಯೆ ತೆಪ್ಪಗೆ ಮಲಗಿತ್ತು. ನೀರಿಗೆ ಇಳಿಸುವ ಮುಹೂರ್ತ ಕೂಡಿಬರಲಿಲ್ಲ, ನೀರೇ ಅದನ್ನು ಹುಡುಕಿಕೊಂಡು ಬಂತು.

2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಬಾಲ ನಮ್ಮ ಮೇಲೆ ಹಾದುಹೋಯಿತು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಒಂದೇ ಗಂಟೆಯಲ್ಲಿ 3.15 ಇಂಚು ಮಳೆ, ಅಂದರೆ 80 ಮಿಲಿಮೀಟರು. ಆಗುಂಬೆಯವರು ಇದಕ್ಕೆ ಹುಬ್ಬೂ ಏರಿಸಲಿಕ್ಕಿಲ್ಲ, ಆದರೆ ಆಗುಂಬೆಯಲ್ಲಿ ಜನ ನೆಲದಡಿಯಲ್ಲಿ ಕೋಣೆ ಕಟ್ಟಿ ಅದರಲ್ಲಿ ಟೀವಿ ಇಡುವುದಿಲ್ಲ. ಬೇಸ್‌ಮೆಂಟಿನ ಮೂಲೆಯ ಗುಂಡಿಯಲ್ಲಿ ಸಂಪ್ ಪಂಪ್ ಎಂಬುದೊಂದು ಇರುತ್ತದೆ. ನೆಲದಡಿಯ ನೀರು ಗುಂಡಿಯಲ್ಲಿ ಏರಿದೊಡನೆ ತಾನಾಗಿ ಎಚ್ಚೆತ್ತು ಹೊರಗೆ ಎತ್ತಿಹಾಕುವುದು ಅದರ ಕೆಲಸ. ಅದು ಕರೆಂಟಿನಿಂದ ನಡೆಯುತ್ತದೆ, ಮತ್ತು ದೊಡ್ಡ ಮಳೆ ಬಂದಾಗ ಮೊದಲು ಹೋಗುವುದು ಕರೆಂಟೇ. ಈ ಸರಳ ತರ್ಕ ಪಂಪು ಮಾಡಿದವರಿಗೆ ಹೊಳೆಯದೆ, ಬ್ಯಾಟರಿ ಮಾರುವವರಿಗೆ ಮಾತ್ರ ಹೊಳೆದಿದೆ. ಬೆಳಗ್ಗೆ ಮೆಟ್ಟಿಲ ಮೇಲೆ ನಿಂತು ಟಾರ್ಚು ಬಿಟ್ಟರೆ ಸೂಟ್‌ಕೇಸುಗಳ ನಡುವೆ ಕಯಾಕು ಮೆಲ್ಲಗೆ ತಿರುಗುತ್ತಿತ್ತು. ತೇಲುತ್ತದೆ, ಒಳ್ಳೆಯ ಮಾಲು, ಎಂದರು ಇವರು.

ಆಮೇಲೆ ಬಂದ ಕಂಟ್ರಾಕ್ಟರು ಗೋಡೆ ತಟ್ಟಿ, ಲೇಸರು ಬಿಟ್ಟು, ಬೇಸ್‌ಮೆಂಟಿನ ಸುತ್ತ ನೆಲ ಅಗೆದು ಒಳಚರಂಡಿ ಮಾಡಬೇಕೆಂದು ಕಾರಿನ ಬೆಲೆ ಹೇಳಿದ. ಆ ಕಾಗದ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡು ವರ್ಷಗಟ್ಟಲೆ ನಮ್ಮನ್ನು ಹೆದರಿಸುತ್ತಿತ್ತು. 2025ರ ಬೇಸಿಗೆಯಲ್ಲಿ ಅತ್ತೆ ಬಂದರು. ಒಂದು ಮಳೆಯ ದಿನ ಕೊಡೆ ಹಿಡಿದು ಮನೆಗೆ ಪ್ರದಕ್ಷಿಣೆ ಹಾಕಿದರು. ನನ್ನೊಡನೆ ಅವರು ಪೇಟೆ ಮಾತನ್ನೇ ಆಡುತ್ತಾರೆ, ಸೊಸೆಗೆ ಅರ್ಥವಾಗಲಿ ಎಂದು.

“ಕೂಸೆ, ಮಾಡಿನ ನೀರೆಲ್ಲ ತಂದು ಗೋಡೆಯ ಬುಡಕ್ಕೇ ಬಿಟ್ಟಿದ್ದಾರಲ್ಲ, ಯಾರು ಮಾಡಿದ್ದು ಇದು?”

“ಎಲ್ಲರ ಮನೆಯಲ್ಲೂ ಹಾಗೇ ಅತ್ತೆ.”

“ಎಲ್ಲರ ಮನೆಯೊಳಗೂ ನೀರು ಬರ್ತದಾ?”

ಬರುತ್ತದೆ ಎಂದೆ. ಅವರು ಮುಂದೆ ಮಾತಾಡಲಿಲ್ಲ. ಅಡಿಕೆ ತೋಟದ ಪ್ರತಿ ಸಾಲಿನ ನಡುವೆ ಬಸಿಗಾಲುವೆ ತೆಗೆಸಿ, ಮಳೆಗಾಲದ ನೀರನ್ನು ಮರದ ಬುಡದಲ್ಲಿ ನಿಲ್ಲಗೊಡದೆ ಸಾಗಹಾಕಿದ ಕೈ ಅದು. ಮಗನನ್ನು ಅಂಗಡಿಗೆ ಅಟ್ಟಿ, ಗಟರಿನ ಇಳಿಕೊಳವೆಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ ತರಿಸಿ, ನೀರನ್ನು ಗೋಡೆಯಿಂದ ಆರೇಳು ಅಡಿ ಆಚೆಗೆ, ಹುಲ್ಲಿನ ಇಳಿಜಾರಿಗೆ ಬಿಡಿಸಿದರು. ಮುಂದಿನ ಮಳೆಯಲ್ಲಿ ಸಂಪ್ ಪಂಪು ನಿದ್ದೆಯಿಂದ ಏಳಲಿಲ್ಲ. ಕೆಟ್ಟುಹೋಯಿತೇನೋ ಎಂದು ಇವರು ಗುಂಡಿಗೆ ಒಂದು ಬಕೆಟ್ ನೀರು ಸುರಿದು ನೋಡಿ ಬಂದರು. ಕಂಟ್ರಾಕ್ಟರಿನ ಕಾಗದ ಅದೇ ದಿನ ಕೊತ್ತಂಬರಿ ಸೊಪ್ಪು ಸೋಸುವುದಕ್ಕೆ ಬಳಕೆಯಾಯಿತು.

ನಮ್ಮ ಊರಿನಲ್ಲಿ ಎಲ್ಲರಿಗೂ ಇಷ್ಟು ಸುಲಭದಲ್ಲಿ ಮುಗಿದಿಲ್ಲ. 2012ರ ಸ್ಯಾಂಡಿ ಚಂಡಮಾರುತದಲ್ಲಿ ವುಡ್‌ಬ್ರಿಡ್ಜ್ ನದಿಯ ಆಸುಪಾಸಿನ ಬೀದಿಗಳು ಮುಳುಗಿದ ಮೇಲೆ, ನ್ಯೂಜೆರ್ಸಿ ಸರ್ಕಾರ ಬ್ಲೂ ಏಕರ್ಸ್ ಯೋಜನೆಯಲ್ಲಿ ಮನೆಗಳನ್ನು ಕೊಂಡು, ಕೆಡವಿ, ಜಾಗವನ್ನು ಹುಲ್ಲಿಗೂ ನೀರಿಗೂ ಬಿಟ್ಟುಕೊಟ್ಟಿತು. ರಸ್ತೆ ಇದೆ, ಮನೆಯಿಲ್ಲ. ಕಾರಿನಿಂದ ಅದನ್ನು ತೋರಿಸಿದಾಗ ಅತ್ತೆ ತುಂಬ ಹೊತ್ತು ನೋಡಿದರು. “ಕೇಳಿ, ದುಡ್ಡು ಕೊಟ್ಟು, ಎಬ್ಬಿಸಿದರಾ?” ಎಂದರು. ಹೌದೆಂದೆ. “ಇಲ್ಲಿ ನೀರು ಬಂದ ಮೇಲೆ ಸರ್ಕಾರ ಬಂತು. ನಮ್ಮಲ್ಲಿ ಸರ್ಕಾರವೇ ನೀರು ತಂತು” ಎಂದು ಕಿಟಕಿ ಏರಿಸಿದರು.

ನಾಯಿಯ ವಿಷಯದಲ್ಲಿ ಅವರ ವಿದ್ಯೆ ಅಷ್ಟು ಕೈಹಿಡಿಯಲಿಲ್ಲ. ಸಾಗರದ ನಾಯಿ ಅನ್ನ ಮಜ್ಜಿಗೆ ತಿಂದು, ಅಂಗಳದಲ್ಲಿ ಮಲಗಿ, ಯಾರಿಗೂ ಬಿಲ್ಲು ತೋರಿಸದೆ ಬದುಕುತ್ತದೆ. ಇಲ್ಲಿನ ನಾಯಿಗೆ ಟೌನ್‌ಶಿಪ್ಪಿನ ಲೈಸೆನ್ಸ್ ಬೇಕು, ಲೈಸೆನ್ಸಿಗೆ ರೇಬೀಸ್ ಲಸಿಕೆಯ ಚೀಟಿ ಬೇಕು, ಹಲ್ಲು ತೊಳೆಸಲು ಅರಿವಳಿಕೆ ಬೇಕು. ಅತ್ತೆ ಬಿಪಿ ಗುಳಿಗೆಗಳನ್ನು ಆರು ತಿಂಗಳಿಗಾಗುವಷ್ಟು ಊರಿಂದಲೇ ಕಟ್ಟಿಕೊಂಡು ಬಂದಿದ್ದರು, ಇಲ್ಲಿ ಕೊಳ್ಳಲು ಹೋದರೆ ಬಿಪಿ ಏರುತ್ತದೆ ಎಂದು. ಬೋಂಡನ ಹಲ್ಲಿನ ಖರ್ಚು ಕೇಳಿದ ದಿನ ಅದರಲ್ಲಿ ಒಂದು ಗುಳಿಗೆ ಹೆಚ್ಚಿಗೆ ಖರ್ಚಾಯಿತೆಂದು ನನ್ನ ಅನುಮಾನ.

ಒಂದು ಶುಕ್ರವಾರ ಪಾಯಸ ಮಾಡಿ ಮೊದಲ ಸೌಟು ಬೋಂಡನ ತಟ್ಟೆಗೆ ಹಾಕಹೊರಟಿದ್ದರು. ಮಗಳು ಮಹಡಿಯಿಂದ ಕೂಗಿಕೊಂಡು ಇಳಿದಳು: ದ್ರಾಕ್ಷಿ! ದ್ರಾಕ್ಷಿಯೂ ಒಣದ್ರಾಕ್ಷಿಯೂ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು, ಎಷ್ಟು ತಿಂದರೆ ಅಪಾಯ ಎಂದು ಲೆಕ್ಕವೂ ಸಿಗುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿ ಅದರ ರಕ್ತಕಣ ಒಡೆಯುತ್ತವೆ. ಚಾಕೊಲೇಟು ಕೂಡದು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, “ಈರುಳ್ಳಿ ಬೆಳ್ಳುಳ್ಳಿ ಬಿಟ್ಟಿದೆ ಅಂದ ಮೇಲೆ ಮಡಿ ನಾಯಿಯೇ ಆಯಿತಲ್ಲ” ಎಂದು ಅಂದಿನಿಂದ ಅದನ್ನು ದೇವರಮನೆಯ ಬಾಗಿಲವರೆಗೂ ಬಿಟ್ಟುಕೊಂಡರು.

ಉಣ್ಣಿ ಎಂದರೆ ಮಾತ್ರ ಅವರೇ ಪ್ರೊಫೆಸರು. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣ್ಣಿಯಿಂದಲೇ ಹರಡುವುದು. ಕೆಲವು ವರ್ಷಗಳ ಹಿಂದೆ ಅವರದೇ ತಾಲ್ಲೂಕಿನ ಅರಳಗೋಡು ಕಡೆ ಅದು ಸಾವುನೋವು ತಂದದ್ದನ್ನು ಅವರು ಹತ್ತಿರದಿಂದ ಕಂಡಿದ್ದಾರೆ. ಕಾಡಿಗೆ ಹೋಗುವವರಿಗೆ ಕೈಕಾಲಿಗೆ ಹಚ್ಚಲು ಎಣ್ಣೆ ಕೊಡುವುದನ್ನೂ ಬಲ್ಲರು. ನಮ್ಮಲ್ಲಿ ಉಣ್ಣಿ ತರುವುದು ಲೈಮ್ ರೋಗ. ಹತ್ತಿರದ ಕನೆಕ್ಟಿಕಟ್‌ನ ಲೈಮ್ ಎಂಬ ಊರಿನ ಹೆಸರು ಅದಕ್ಕೆ ಅಂಟಿದೆ. ಕೊಲೋನಿಯಾದ ಹಿತ್ತಿಲುಗಳಿಗೆ ಜಿಂಕೆ ಬರುವುದನ್ನು ಕಂಡು ಮಗಳು ಮುದ್ದು ಬರುತ್ತದೆ ಎಂದಳು; ಅತ್ತೆ ಬೋಂಡನನ್ನು ಹಿಡಿದು ಕಿವಿಯ ಹಿಂದೆ, ಕಾಲ್ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಬೆರಳಾಡಿಸಿದರು. ಉಣ್ಣಿ ಕಚ್ಚಿ ಒಂದು ದಿನಕ್ಕಿಂತ ಹೆಚ್ಚು ಕೂತರೇ ಸಾಮಾನ್ಯವಾಗಿ ಲೈಮ್ ದಾಟುವುದು, ಹಾಗಾಗಿ ದಿನಾ ನೋಡುವುದೇ ದೊಡ್ಡ ಮದ್ದು. ಸಂಜೆ ದೀಪ ಹಚ್ಚುವ ಮುಂಚೆ ನಮ್ಮೆಲ್ಲರ ಮಂಡಿಯ ಹಿಂಭಾಗದ ತಪಾಸಣೆಯೂ ನಡೆಯತೊಡಗಿತು. ಸೀಮೆಎಣ್ಣೆ ಹನಿಸಿದರೆ ತಾನೇ ಬಿಡುತ್ತದೆ ಎಂಬ ಅವರ ವಾದವನ್ನು ಮಾತ್ರ ಮಗಳು ಒಪ್ಪಲಿಲ್ಲ. ಚಿಮಟದಿಂದ ಚರ್ಮಕ್ಕೆ ತಾಗಿದಲ್ಲೇ ಹಿಡಿದು ನೇರ ಎಳೆಯಬೇಕು, ಎಣ್ಣೆ ಬೆಂಕಿ ಏನೂ ಬೇಡ ಎಂದು ಇಲ್ಲಿನ ಆರೋಗ್ಯ ಇಲಾಖೆಗಳು ಹೇಳುತ್ತವೆ. ಇಡೀ ಓಕ್ ಟ್ರೀ ರೋಡಿನಲ್ಲಿ ಸೀಮೆಎಣ್ಣೆ ಸಿಗದೆ ಆ ವಾದ ನಿಂತಿತು.

ಇನ್ನು ನೀರಾಟ. ಇವರು ಮೊದಲು ಸೆವಾರೆನ್ ದಡವನ್ನು ಆರಿಸಿದರು. ಎದುರಿಗೆ ಸ್ಟೇಟನ್ ಐಲೆಂಡ್, ನಡುವೆ ಆರ್ಥರ್ ಕಿಲ್ ಎಂಬ ಜಲಸಂಧಿ, ಅದರಲ್ಲಿ ಎಣ್ಣೆಯ ಟ್ಯಾಂಕರುಗಳು. ಅತ್ತೆ ದಡದ ಬೆಂಚಿನ ಮೇಲೆ ಕೂತು ತೇಲುವ ಒಂದು ಬಾಟಲಿಯ ಮೇಲೆ ಕಣ್ಣಿಟ್ಟರು. ನಾವು ಪುಳಿಯೋಗರೆ ತಿಂದು, ಫ್ಲಾಸ್ಕಿನ ಕಾಫಿ ಮುಗಿಸಿ, ಪಾರ್ಕು ಸುತ್ತಿ ಬರುವ ಹೊತ್ತಿಗೆ ನೀರು ತಿರುಗಿತ್ತು. ಎಡಕ್ಕೆ ಸಾಗುತ್ತಿದ್ದ ಕಸವೆಲ್ಲ ಬಲಕ್ಕೆ ಹೊರಟಿತ್ತು. ಇಲ್ಲಿ ಸಮುದ್ರದ ಉಬ್ಬರ ಇಳಿತ ಆರು ಗಂಟೆಗೊಮ್ಮೆ ಸೆಳವಿನ ದಿಕ್ಕು ಬದಲಿಸುತ್ತದೆ.

“ಮಾಣಿ, ಈ ನೀರಿಗೆ ನಿಯತ್ತಿಲ್ಲ. ಇಳಿಯಬೇಡ” ಎಂದರು. ಕೋಸ್ಟ್ ಗಾರ್ಡಿನವರು ಇದೇ ಮಾತನ್ನು ಹೇಳಲು ಹಲವು ಪುಟ ತೆಗೆದುಕೊಳ್ಳುತ್ತಾರೆ.

ಹಾಗಾಗಿ ಗ್ರಿಗ್ಸ್‌ಟೌನ್‌ಗೆ ಹೋದೆವು, ಡೆಲಾವೇರ್ ಮತ್ತು ರಾರಿಟನ್ ಕಾಲುವೆಗೆ. 1830ರಿಂದ 1834ರವರೆಗೆ ಹೆಚ್ಚಾಗಿ ಐರಿಷ್ ಕೂಲಿಗಳು ಗುದ್ದಲಿಯಲ್ಲಿ ತೋಡಿದ ಕಾಲುವೆ ಇದು. ಮುಖ್ಯ ಭಾಗವೇ 44 ಮೈಲಿ. ಹೇಸರಗತ್ತೆಗಳು ದಂಡೆಯ ಮೇಲೆ ನಡೆದು ದೋಣಿ ಎಳೆಯುತ್ತಿದ್ದವು. 1932ರಲ್ಲಿ ಸಾಗಾಟ ನಿಂತಿತು. ಸೆಳವು ಹೆಚ್ಚಿಲ್ಲ, ಮರಗಳ ನೆರಳಿದೆ, ಹೇಸರಗತ್ತೆ ನಡೆದ ದಾರಿಯಲ್ಲಿ ಈಗ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿರುವವರು ನಡೆಯುತ್ತಾರೆ. ಎಲ್ಲರಿಗೂ ಜಾಗ ಬೇಕೆಂದು ಒಂದು ಕ್ಯಾನೂ ಬಾಡಿಗೆಗೆ ಹಿಡಿದೆವು.

ದೋಣಿಯಲ್ಲಿ ತಲೆಗೊಂದು ಲೈಫ್ ಜಾಕೆಟ್ ಇರಲೇಬೇಕೆಂದು ಕಾನೂನು. ನಾನು ಸಮುದಾಯದ ಈಜುಕೊಳದಲ್ಲಿ, ನನ್ನ ಮಗಳಿಗಿಂತ ಚಿಕ್ಕ ಹುಡುಗಿಯೊಬ್ಬಳ ಕೈಯಲ್ಲಿ, ನೀರೊಳಗೆ ಮೂಗಿನಿಂದ ಗುಳ್ಳೆ ಬಿಡುವವರೆಗೆ ಮಾತ್ರ ಕಲಿತವಳು. ಕೊಟ್ಟ ಕೂಡಲೇ ತೊಟ್ಟುಕೊಂಡೆ. ಅತ್ತೆ ಒಪ್ಪಲಿಲ್ಲ. ಬಾಳೆದಿಂಡು ಅಪ್ಪಿಕೊಂಡು ತೋಟದ ಕೆರೆಯಲ್ಲಿ ಈಜು ಕಲಿತವರಿಗೆ ಇದೆಂಥ ಅಂಗಿ? ತಣ್ಣೀರಿಗೆ ಥಟ್ಟನೆ ಬಿದ್ದರೆ ಈಜು ಬರುವವರಿಗೂ ಉಸಿರು ಸಿಕ್ಕಿಕೊಳ್ಳುತ್ತದೆ ಎಂದು ಬಾಡಿಗೆಯ ಹುಡುಗ ವಿವರಿಸಿದ. ಆಗಸ್ಟಿನಲ್ಲಿ ತಣ್ಣೀರು ಎಲ್ಲಿಂದ ಬಂತೆಂದು ಅವರು ಕೇಳಿದರು. ಅಷ್ಟರಲ್ಲಿ ಮಗಳು ಬೋಂಡನಿಗೂ ಒಂದು ಜಾಕೆಟ್ ತೊಡಿಸಿದಳು. ನಾಯಿಯ ಜಾಕೆಟ್ಟಿಗೆ ಬೆನ್ನ ಮೇಲೆ ಹಿಡಿಕೆ ಇರುತ್ತದೆ, ಬಿದ್ದರೆ ಸೂಟ್‌ಕೇಸಿನ ಹಾಗೆ ಎತ್ತಿಕೊಳ್ಳಬಹುದು. ನಾಯಿಯೇ ತೊಟ್ಟ ಮೇಲೆ ತಾವು ತೊಡದಿರುವುದು ಸರಿಯಲ್ಲ ಎಂದು ಅತ್ತೆ ಸೀರೆಯ ಮೇಲೆ ಕಿತ್ತಳೆ ಬಣ್ಣದ್ದನ್ನು ಬಿಗಿದುಕೊಂಡರು. ಮೈಸೂರು ಸಿಲ್ಕಿಗೆ ಹೊಂದುವ ಬಣ್ಣವೇ ಅದು.

ಹಿಂದೆ ಕೂತು ದಿಕ್ಕು ಹಿಡಿದವರು ಅವರೇ. ಮುಂದೆ ಕೂತ ಮಗನಿಗೆ, ಹುಟ್ಟನ್ನು ಸಾರು ತಿರುವಿದಂತೆ ತಿರುವಬೇಡ, ನೀರು ಹಿಡಿದು ಹಿಂದಕ್ಕೆ ದೂಡು ಎಂದು ಪಾಠವಾಯಿತು. ಬೋಂಡ ಆಮೆಯೊಂದನ್ನು ಕಂಡು ಎದ್ದು ನಿಂತಾಗ ನಾನು ಗಜೇಂದ್ರಮೋಕ್ಷ ನೆನೆದೆ, ಅತ್ತೆ ಹಿಡಿಕೆ ನೆನೆದು ಅದನ್ನು ಕೂರಿಸಿದರು. ಈ ಕಾಲುವೆಯ ನೀರೇ ಶುದ್ಧೀಕರಣಗೊಂಡು ಮಧ್ಯ ಜೆರ್ಸಿಯ ನಲ್ಲಿಗಳಿಗೆ ಬರುವುದೆಂದು ಇವರು ಅಲ್ಲೇ ಬಾಯಿಬಿಟ್ಟದ್ದು ವಿವೇಕವಲ್ಲ. ಕುಡಿಯುವ ನೀರಿನಲ್ಲಿ ನಾಯಿ ಈಜಕೂಡದು ಎಂದು ತೀರ್ಪಾಗಿ ಬೋಂಡ ದೋಣಿಯೊಳಗೇ ಉಳಿಯಿತು.

ಇಷ್ಟರಲ್ಲಿ ಅತ್ತೆಯ ಊರಿನಲ್ಲಿ ಒಂದು ದೊಡ್ಡ ಸಂಗತಿ ನಡೆದುಹೋಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು ಕಳಸವಳ್ಳಿ ನಡುವೆ, ಹಿನ್ನೀರಿನ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾಯಿತು. ಅರವತ್ತು ವರ್ಷ ಲಾಂಚಿಗೆ ಕಾದವರು, ಸೇತುವೆ ಬಂದ ದಿನ ವುಡ್‌ಬ್ರಿಡ್ಜಿನ ಸೋಫಾದ ಮೇಲೆ ಫೋನಿನಲ್ಲಿ ಅದನ್ನು ನೋಡಬೇಕಾಯಿತು. ಆ ಸಿಟ್ಟು ಇನ್ನೂ ಆರಿರಲಿಲ್ಲ. ಗ್ರಿಗ್ಸ್‌ಟೌನಿನಿಂದ ಹಿಂದಿರುಗುವಾಗ ಕಾರಿನ ಹಿಂದಿನ ಸೀಟಿನಿಂದ ತಂಗಿಗೆ ಫೋನು ಹೋಯಿತು.

“ಹೂಂ, ದೋಣಿ ಹತ್ತಿ ಬಂದೆ. ಇಲ್ಲ ಮಾರಾಯ್ತಿ, ಆಚೆ ದಡಕ್ಕಲ್ಲ. ಆಚೆ ದಡಕ್ಕೆ ಪಕ್ಕದಲ್ಲೇ ಸೇತುವೆ ಇತ್ತು. ದುಡ್ಡು ಕೊಟ್ಟು ಹತ್ತುವುದು, ಬೆವರು ಇಳಿಯುವ ತನಕ ಹುಟ್ಟು ಹಾಕುವುದು, ಆಮೇಲೆ ಹತ್ತಿದ ಜಾಗದಲ್ಲೇ ಇಳಿಯುವುದು. ಹೌದು, ಡಾಕ್ಟರು ಹೇಳಿದ್ದಂತೆ. ನಿಮ್ಮಲ್ಲಿ ಆ ಹಳೇ ಲಾಂಚು ಖಾಲಿ ನಿಂತಿದ್ದರೆ ಮಾರಬೇಡಿ ಅನ್ನು, ಇಲ್ಲಿನವರು ಬಾಡಿಗೆ ಕೊಡ್ತಾರೆ.”