ನೆಟ್ಟಗಾಗೋಕೆ ನಾನು ಅರ್ಜಿ ಹಾಕಿಲ್ಲ

ಬೆಂಗಳೂರಿನ ಆರ್‌.ಟಿ. ನಗರದ ಮನೆಯೊಂದರ ಎರಡನೇ ಮಹಡಿಯಲ್ಲಿ ವಾಸವಾಗಿರುವ ಈ ಬೆನ್ನುಮೂಳೆಗೆ 64 ವರ್ಷ. ಸೊಂಟದ ಭಾಗದಲ್ಲಿ 28 ಡಿಗ್ರಿ ವಾಲಿದೆ. ಒಡತಿ ನಿವೃತ್ತ ಟೀಚರ್. ಅವರು ಮಧ್ಯಾಹ್ನ ಅಡ್ಡಾದಾಗ, ಅಂದರೆ ಬೆನ್ನಿನ ಮೇಲೆ ಭಾರ ಇಲ್ಲದ ಹೊತ್ತಿನಲ್ಲಿ, ಮಾತಿಗೆ ಸಿಕ್ಕಿತು.

ನಾವು: ನಿಮ್ಮ ಈ ಪಕ್ಕಬಾಗು, ಅಂದರೆ ಸ್ಕೋಲಿಯೋಸಿಸ್, ಪತ್ತೆ ಹಚ್ಚಿದ ಡಾಕ್ಟರು ಯಾರು?

ಬೆನ್ನು: ಡಾಕ್ಟರಲ್ಲ, ಟೈಲರ್. "ಮೇಡಂ, ಟಾಪ್‌ನ ಅಂಚು ಒಂದು ಕಡೆ ಅರ್ಧ ಇಂಚು ಇಳಿಸ್ಬೇಕಾಗುತ್ತೆ" ಅಂದ. ಅಮ್ಮಾವ್ರಿಗೆ ಸಿಟ್ಟು ಬಂತು, ಟೈಲರನ್ನೇ ಬದಲಾಯಿಸಿದರು. ಎರಡನೆಯವನೂ ಅದೇ ಹೇಳಿದ. ಆಮೇಲೆ ಸೀರೆ ನೆರಿಗೆ ಒಂದೇ ಪಕ್ಕ ನೆಲ ಗುಡಿಸೋಕೆ ಶುರುವಾಯ್ತು. ಆಗ ಎಕ್ಸ್‌ರೇಗೆ ಹೊರಟರು.

ನಾವು: ಚಿಕ್ಕಂದಿನಿಂದ ಹೀಗೇ ಇದ್ರಾ?

ಬೆನ್ನು: ಕೆಲವರು ಹೈಸ್ಕೂಲ್ ವಯಸ್ಸಿಗೇ ಬಾಗಿರ್ತಾರೆ. ಅದು 50 ಡಿಗ್ರಿ ದಾಟಿದ್ದರೆ ದೊಡ್ಡವರಾದ ಮೇಲೂ ಮೆಲ್ಲಗೆ ಏರಬಹುದು. ನನ್ನದು ಐವತ್ತರ ಮೇಲೆ ಬಂದದ್ದು. ಡಿಸ್ಕ್ ಒಂದು ಪಕ್ಕ ತೆಳ್ಳಗಾಯ್ತು, ಕೀಲು ಸವೀತು, ಮೇಲಿನ ಮೂಳೆ ವಾಲಿತು. ವಾಲಿದ ಕಡೆಗೇ ಭಾರ ಬಿದ್ದು ಇನ್ನಷ್ಟು ಸವೀತು. ಬರೀ ಪಕ್ಕಕ್ಕೆ ವಾಲಿಲ್ಲ, ಒಂಚೂರು ತಿರುಚಿಕೊಂಡೂ ಇದ್ದೀನಿ.

ನಾವು: ಒಂದೇ ಹೆಗಲಿಗೆ ಬ್ಯಾಗ್ ಹಾಕಿದ್ದರಿಂದ ಬಂತು ಅಂತಾರಲ್ಲ?

ಬೆನ್ನು: ಅದರಿಂದ ಬರೋ ಹಾಗಿದ್ದರೆ ಹೆಬ್ಬಾಳದಲ್ಲಿ ಬಸ್ಸಿಗೆ ಕಾಯೋರೆಲ್ಲ ಇಷ್ಟು ಹೊತ್ತಿಗೆ ನಮ್ಮ ಸಂಘಕ್ಕೆ ಸೇರಿರಬೇಕಿತ್ತು.

ನಾವು: ಈ 28ರ ಲೆಕ್ಕ ಯಾರದು?

ಬೆನ್ನು: ಅಮೆರಿಕದ ಮೂಳೆ ಡಾಕ್ಟರ್ ಜಾನ್ ಕಾಬ್ 1948ರಲ್ಲಿ ಹೇಳಿಕೊಟ್ಟ ಅಳತೆ. ಬಾಗಿನ ಮೇಲ್ತುದಿಯಲ್ಲಿ, ಕೆಳತುದಿಯಲ್ಲಿ ಅತಿ ಹೆಚ್ಚು ಓರೆಯಾದ ಮೂಳೆಗಳಿಗೆ ಗೆರೆ ಎಳೆದು ಕೋನ ನೋಡ್ತಾರೆ. 10 ಡಿಗ್ರಿಗಿಂತ ಕಮ್ಮಿ ಇದ್ದರೆ ಈ ಕಾಯಿಲೆಯ ಹೆಸರೇ ಎತ್ತೋ ಹಾಗಿಲ್ಲ. ಒಂದೇ ಫಿಲ್ಮನ್ನು ಇಬ್ಬರು ಅಳೆದರೆ ನಾಲ್ಕೈದು ಡಿಗ್ರಿ ಹೆಚ್ಚುಕಮ್ಮಿ ಆಗೋದು ಮಾಮೂಲು. ನಮ್ಮನೆಯಲ್ಲೋ, ಹೋದ ವರ್ಷ 26 ಇದ್ದದ್ದು ಈ ವರ್ಷ 28 ಆಯ್ತು ಅಂತ ರಾತ್ರಿ ಊಟ ಬಿಟ್ಟರು. ಅದೂ ನಿಂತು ತೆಗೆಸಿದ ಫಿಲ್ಮ್ ಆಗಬೇಕು. ಮಲಗಿಸಿ ತೆಗೆದರೆ ನನ್ನಂಥ ಸಭ್ಯಸ್ಥ ಇನ್ನೊಬ್ಬ ಇಲ್ಲ.

ನಾವು: ನೆಟ್ಟಗೆ ಮಾಡ್ತೀವಿ ಅನ್ನೋರು ಬಂದಿದ್ರಾ?

ಬೆನ್ನು: ಬರದೇ ಇರೋರು ಯಾರು ಹೇಳಿ! ಮೊದಲು ಅಮ್ಮಾವ್ರ ಮೈದುನ ಬೆಲ್ಟ್ ತಂದ. ಬೆಳೆಯೋ ಮಕ್ಕಳಿಗೆ ಬ್ರೇಸ್ ಹಾಕಿದರೆ ಬಾಗು ಏರದ ಹಾಗೆ ತಡೀಬಹುದು. ನನಗೆ 64! ನೋವು ಜಾಸ್ತಿ ಇದ್ದ ದಿನ ಸ್ವಲ್ಪ ಹೊತ್ತು ಕಟ್ಟಿಕೊಂಡರೆ ಹಿತ, ಒಪ್ಪಿದೆ. ಮೂರು ಹೊತ್ತೂ ಬಿಗಿದರೆ ಸ್ನಾಯುಗಳು ರಜೆ ಚೀಟಿ ಬರೆದಿಟ್ಟು ಹೋಗ್ತವೆ. ಆಮೇಲೆ ಗಟ್ಟಿ ಹಾಸಿಗೆ ಬಂತು. ಬಿಲ್ ನೋಡಿ ಯಜಮಾನರ ಬೆನ್ನು ಹಿಡಿಯಿತು. "ಪುತ್ತೂರು ಕಟ್ಟು" ಬೋರ್ಡ್ ಕಂಡಲ್ಲೆಲ್ಲ ಆಟೋ ನಿಲ್ಲಿಸಿದರು. ಅದು ಮುರಿದ ಮೂಳೆಗೆ ಹಾಕೋ ಕಟ್ಟು, ನಾನೆಲ್ಲಿ ಮುರಿದಿದ್ದೀನಿ? ಕೈಯಲ್ಲೇ ನೆಟ್ಟಗೆ ಮಾಡಿದ ಕೇಸು ನಂಗೆ ಗೊತ್ತಿರೋದು ಒಂದೇ, ಭಾಗವತದ ಕುಬ್ಜೆಯದು. ಮಥುರೆಯ ಬೀದಿಯಲ್ಲಿ ಕೃಷ್ಣ ಅವಳ ಪಾದ ಮೆಟ್ಟಿ ಹಿಡಿದು, ಗಲ್ಲಕ್ಕೆ ಎರಡು ಬೆರಳು ಕೊಟ್ಟು ಮೇಲಕ್ಕೆತ್ತಿದ. ಆರು ತಿಂಗಳ ನಂತರದ ಎಕ್ಸ್‌ರೇ ಮಾತ್ರ ಎಲ್ಲೂ ಸಿಗಲ್ಲ.

ನಾವು: ಹಾಗಾದರೆ ನಿಮ್ಮ ನಿಜವಾದ ತಕರಾರೇನು?

ಬೆನ್ನು: ನನ್ನ ಮಧ್ಯೆ ಸಿಕ್ಕಿಹಾಕಿಕೊಂಡ ನರ, ಸ್ವಾಮಿ. ಸಂಜೆ ಅಮ್ಮಾವ್ರು ತರಕಾರಿಗೆ ಹೊರಡ್ತಾರೆ. ಹತ್ತು ನಿಮಿಷಕ್ಕೆ ಕಾಲು ಭಾರ, ಜೋಮು. ತಳ್ಳುಗಾಡಿ ಕಂಡ ಕೂಡಲೇ ಅದರ ಅಂಚಿಗೆ ಎರಡೂ ಮೊಣಕೈ ಊರಿ ಮುಂದಕ್ಕೆ ಬಗ್ತಾರೆ. ಬಗ್ಗಿದರೆ ನರದ ಜಾಗ ಒಂಚೂರು ಅಗಲ ಆಗಿ ಕಾಲು ಹಗುರ ಆಗುತ್ತೆ. ಗಾಡಿಯವನು ಇವರು ಹೀರೇಕಾಯಿಗೆ ಚೌಕಾಸಿ ಮಾಡೋಕೇ ನಿಂತರು ಅಂದ್ಕೊಂಡು ಐದು ರೂಪಾಯಿ ಇಳಿಸ್ತಾನೆ. ಡಾಕ್ಟರ ಹತ್ತಿರ ಮೊದಲು ಹೇಳಬೇಕಾದ್ದು ಇದನ್ನ. ಇವರು ಫಿಲ್ಮ್ ಮುಂದಿಟ್ಟು "28" ಅಂತ ಹೇಳಿ ಬಂದರು.

ನಾವು: ಚಿಕಿತ್ಸೆ ಇದೆಯೋ ಇಲ್ಲವೋ?

ಬೆನ್ನು: ಪೀಣ್ಯ ಮೇಲ್ಸೇತುವೆ ನೆನಪಿದೆಯಾ? 2021ರ ಡಿಸೆಂಬರ್‌ನಲ್ಲಿ ಒಳಗಿನ ಕೇಬಲ್ ಕೈಕೊಟ್ಟಿತು ಅಂತ ಮುಚ್ಚಿದರು. ಆಮೇಲೆ ಸಣ್ಣ ಗಾಡಿ ಬಿಟ್ಟರು, ಲಾರಿಯನ್ನ ಮಾತ್ರ ಬಹಳ ಕಾಲ ಬಿಡಲಿಲ್ಲ. ಯಾರಾದರೂ ಸೇತುವೆಗೆ ಎಣ್ಣೆ ತಿಕ್ಕಿದ್ದು ನೋಡಿದ್ದೀರಾ? ನನ್ನ ಕೇಬಲ್ಲು ಅಂದರೆ ಬೆನ್ನು, ಹೊಟ್ಟೆ, ಸೊಂಟದ ಸ್ನಾಯುಗಳು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಿದ್ದನ್ನ ದಿನಾ ಮಾಡಲಿ. ತೂಕ ಇಳಿಯಲಿ. ಮೂಳೆಯ ಸಾಂದ್ರತೆ ಒಂದು ಸಲ ನೋಡಿಸಲಿ. ನರ ತೀರಾ ಕಾಡಿದರೆ ಇಂಜೆಕ್ಷನ್ ಇದೆ, ಅದರ ಆರಾಮ ಕೆಲವು ವಾರ ಇಲ್ಲವೇ ತಿಂಗಳು. ಇದ್ಯಾವುದೂ ನನ್ನನ್ನ ನೆಟ್ಟಗೆ ಮಾಡಲ್ಲ. ಅಮ್ಮಾವ್ರು ಮಾರ್ಕೆಟ್ಟಿಗೆ ಹೋಗಿ ಬರೋ ಹಾಗೆ ಮಾಡುತ್ತೆ.

ನಾವು: ಆಪರೇಷನ್?

ಬೆನ್ನು: ಕಾಲಿನ ಶಕ್ತಿ ಕುಂದುತ್ತಾ ಬಂದರೆ, ನಿಂತರೆ ಮುಂದಕ್ಕೆ ಮುಗ್ಗರಿಸೋ ಹಾಗಾದರೆ, ತಿಂಗಳುಗಟ್ಟಲೆ ಎಲ್ಲ ಮಾಡಿಯೂ ನೋವು ಬಗ್ಗದಿದ್ದರೆ ಆ ಮಾತು. ಕೆಲವರಿಗೆ ನರದ ಜಾಗ ಬಿಡಿಸಿದರೆ ಸಾಕು, ಕೆಲವರಿಗೆ ಸ್ಕ್ರೂ, ರಾಡು. ನಮ್ಮ ವಯಸ್ಸಿಗೆ ತೊಡಕು ಜಾಸ್ತಿ, ಚೇತರಿಸಿಕೊಳ್ಳೋಕೆ ತಿಂಗಳುಗಳು ಬೇಕು. ಮೂತ್ರ, ಮಲದ ಹಿಡಿತ ತಪ್ಪಿದರೆ ಮಾತ್ರ ಮೈದುನನ್ನ ಕೇಳ್ತಾ ಕೂರಬೇಡಿ, ಆಗಿಂದಾಗಲೇ ಆಸ್ಪತ್ರೆಗೆ ನಡೀರಿ.

ನಾವು: ಓಟಗಾರ ಉಸೇನ್ ಬೋಲ್ಟ್‌ಗೂ ಸ್ಕೋಲಿಯೋಸಿಸ್ ಅಂತೆ?

ಬೆನ್ನು: ಹೌದು. 2009ರಲ್ಲಿ ಬರ್ಲಿನ್‌ನಲ್ಲಿ ನೂರು ಮೀಟರ್ 9.58 ಸೆಕೆಂಡಿಗೆ ಮುಗಿಸಿದ. ಅವನಿಗೆ ಇಂಥ ಮೈದುನ ಇರಲಿಲ್ಲ ಅನ್ಸುತ್ತೆ. ತಾಳಿ, ಕಾಲಿಂಗ್ ಬೆಲ್... ಅವನೇ. ಈ ಸಲ ತಲೆಕೆಳಗಾಗಿ ನೇತುಹಾಕೋ ಮಂಚವಂತೆ.